ಕಿವಿ ಡಾಕ್ಟರ ಸಾಲು

ಫೋನಕ್ಕನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ. ಆಸ್ಪತ್ರೆಯಲ್ಲಿ ಅದನ್ನು ಹಾಜರಿ ಪುಸ್ತಕ ಬಿಟ್ಟರೆ ಬೇರೆ ಯಾರೂ ನೆನಪಿಟ್ಟಿಲ್ಲ. ಆರನೇ ವಯಸ್ಸಿನಲ್ಲಿ ಜ್ವರ ಬಂದು ಎರಡು ಕಣ್ಣೂ ಹೋದವು. ಮೂವತ್ತರ ಆಸುಪಾಸಿನಲ್ಲಿ ಈ ವಿಚಾರಣೆ ಕುರ್ಚಿ ಸಿಕ್ಕಿತು. ಯಾವ ಡಾಕ್ಟರು ಯಾವ ದಿನ, ಯಾವ ಕೊಠಡಿಯಲ್ಲಿ ಕೂರುತ್ತಾರೆ ಎಂದು ಫೋನಿನಲ್ಲಿ ಕೇಳಿದವರಿಗೆ ಹೇಳುವುದು ಅವಳ ಕೆಲಸ. ಹೇಳಲು ಬಾಯಿ ಸಾಕು, ನಿಜ. ಆದರೆ ಹೇಳುವುದಕ್ಕೆ ಮೊದಲು ತಿಳಿದಿರಬೇಕಲ್ಲ, ಅಲ್ಲೇ ಇರುವುದು ಅವಳ ಕಷ್ಟ.

ಆ ಕುರ್ಚಿ ಸಿಗುವ ಮೊದಲಿನ ಹನ್ನೊಂದು ವರ್ಷ ಅವಳು ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು. ಯಾರಾದರೂ ಮನೆಗೆ ಬಂದರೆ ತಮ್ಮನ ಹೆಂಡತಿ ಆ ಕೋಣೆಯ ಬಾಗಿಲನ್ನು ಮೆಲ್ಲಗೆ ಎಳೆದು ಹೋಗುತ್ತಿದ್ದಳು. ಕೆಟ್ಟ ಹೆಂಗಸೇನಲ್ಲ, ಬಂದವರು ಅಯ್ಯೋ ಪಾಪ ಎನ್ನುವುದನ್ನು ಅವಳಿಗೆ ಸಹಿಸಲಾಗುತ್ತಿರಲಿಲ್ಲ, ಅಷ್ಟೆ. ಕೆಲಸ ಸಿಕ್ಕಿದ ಮೇಲೆ ಅದೇ ಹೆಂಗಸು, "ಅತ್ತಿಗೆ ಆಫೀಸಿಗೆ ಹೊರಟ್ರು, ದಾರಿ ಬಿಡ್ರೋ" ಎಂದು ಪಕ್ಕದ ಮನೆಗೂ ಕೇಳುವಂತೆ ಮಕ್ಕಳನ್ನು ಗದರತೊಡಗಿದಳು. ಈ ಕುರ್ಚಿ ಹೋದರೆ ಮತ್ತೆ ಆ ಬಾಗಿಲೇ ಗತಿ ಎಂಬುದು ಫೋನಕ್ಕನಿಗೆ ಚೆನ್ನಾಗಿ ಗೊತ್ತು.

ಮೊದಲೆಲ್ಲ ತಿಂಗಳ ಆರಂಭದಲ್ಲಿ ಹಿರಿಯ ನರ್ಸೊಬ್ಬರು ಡಾಕ್ಟರುಗಳ ಪಟ್ಟಿಯನ್ನು ಓದಿ ಹೇಳುತ್ತಿದ್ದರು. ಇವಳು ಅದನ್ನು ಬ್ರೈಲಿನಲ್ಲಿ ಚುಚ್ಚಿಕೊಳ್ಳುತ್ತಿದ್ದಳು. ಆ ನರ್ಸಮ್ಮ ನಿವೃತ್ತರಾದ ವರ್ಷ ಪಟ್ಟಿ ಕಂಪ್ಯೂಟರಿಗೆ ಹೋಯಿತು. ತೆರೆಯ ಮೇಲಿರುವುದನ್ನು ಗಟ್ಟಿಯಾಗಿ ಓದುವ ತಂತ್ರಾಂಶ ಹಾಕಿ, ಅವಳ ಕಿವಿಗೆ ಹೆಡ್‌ಫೋನು ಸಿಕ್ಕಿಸಿದರು. ಉದ್ಘಾಟನೆಗೆ ಹತ್ತಾರು ಜನ ಸುತ್ತ ನಿಂತಿದ್ದರು. ಯಂತ್ರ ಒಂದೇ ಉಸಿರಿನಲ್ಲಿ ಹೇಳಿತು: "ಚಿತ್ರ. ಕಣ್ಣು. ಹನ್ನೆರಡು. ಖಾಲಿ. ಹನ್ನೆರಡು. ಖಾಲಿ. ಮೂರು. ಖಾಲಿ."

ಫೋನಕ್ಕನಿಗೆ ತಲೆಬುಡ ತಿಳಿಯಲಿಲ್ಲ. ಸೋಮವಾರ, ಮಂಗಳವಾರ ಎಂಬ ಹೆಸರುಗಳನ್ನು ಬಣ್ಣದ ಚಿತ್ರವಾಗಿ ಪಟ್ಟಿಯ ನೆತ್ತಿಗೆ ಅಂಟಿಸಿದ್ದರು. ಕಣ್ಣಿದ್ದವರಿಗೆ ಚಂದ, ಯಂತ್ರಕ್ಕೆ ಅದು ಬರೀ ಚಿತ್ರ. ಕಣ್ಣಿನ ಡಾಕ್ಟರು ಹನ್ನೆರಡನೇ ಕೊಠಡಿಯಲ್ಲಿ ಕೂರುವುದು ಯಾವತ್ತು ಎಂದು ಹೇಳುವವರಿಲ್ಲ. ಅವಳು ಬಾಯಿ ತೆರೆಯುವ ಮೊದಲೇ ಮ್ಯಾನೇಜರು ನಗುತ್ತ, "ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ ಫೋನಕ್ಕ, ಕಣ್ಣಿರೋರನ್ನ ಯಾರನ್ನಾದ್ರೂ ಕೂರಿಸೋಣ" ಅಂದರು. ತಮಾಷೆಗೇ ಅಂದಿದ್ದರು. ಆದರೂ ಅವಳಿಗೆ ಆ ಹಿಂದಿನ ಕೋಣೆಯ ಬಾಗಿಲು ನೆನಪಾಯಿತು.

"ತುಂಬಾ ಚೆನ್ನಾಗಿ ಓದುತ್ತೆ ಸಾರ್" ಅಂದುಬಿಟ್ಟಳು.

ಆ ಒಂದು ಮಾತು ಅವಳ ಬಾಯಿಗೆ ಬೀಗ ಜಡಿಯಿತು. ಪತ್ರಿಕೆಯಲ್ಲಿ ಅವಳ ಫೋಟೋ ಬಂತು. ಬೇರೆ ಆಸ್ಪತ್ರೆಯವರು ಬಂದು ಅವಳನ್ನು ನೋಡಿಕೊಂಡು ಹೋದರು. ಇನ್ನು ಯಾವ ಮುಖ ಇಟ್ಟುಕೊಂಡು ಅರ್ಥವಾಗುವುದಿಲ್ಲ ಎನ್ನುವುದು? ಅವಳು ಬೆರಳು ಎಣಿಸಲು ಕಲಿತಳು. ಪಟ್ಟಿಯಲ್ಲಿ ಒಬ್ಬ ಡಾಕ್ಟರ ಸಾಲಿಗೆ ಆರು ಮನೆ, ವಾರಕ್ಕೆ ಆರು ದಿನ. ಮೊದಲನೇ ಮನೆ ಹೆಬ್ಬೆರಳು, ಸೋಮವಾರ. ಎರಡನೆಯದು ತೋರುಬೆರಳು, ಮಂಗಳವಾರ. ಇಪ್ಪತ್ತಾರು ಡಾಕ್ಟರುಗಳ ಸಾಲನ್ನು ಹೀಗೆ ಎಣಿಸಿ ಎಣಿಸಿ ಬಾಯಿಪಾಠ ಮಾಡುವಳು. ಎಲ್ಲಾದರೂ ತಪ್ಪಿದರೆ ಜನ ಬಂದು ಕೂಗಾಡುತ್ತಿದ್ದರು. ಬೈಸಿಕೊಂಡು ಗುಟ್ಟಾಗಿ ತಿದ್ದಿಕೊಳ್ಳುತ್ತಿದ್ದಳು. ಹೀಗೆ ಮೂರು ವರ್ಷ ದೂಡಿದಳು. ಎದುರಿಗೆ ಯಾರೇ ನಿಂತರೂ ಈಗ ಸಿಕ್ಕಿಬಿದ್ದೆ, ಈಗ ಸಿಕ್ಕಿಬಿದ್ದೆ ಅಂದುಕೊಳ್ಳುತ್ತಿದ್ದಳು.

ಕಿವಿ ಡಾಕ್ಟರ ಸಾಲಿನಲ್ಲಿ ಮಾತ್ರ ಕಳೆದ ಏಳು ತಿಂಗಳಿಂದ ಐದೇ ಮನೆ. "ಎಂಟು. ಖಾಲಿ. ಐದು. ಖಾಲಿ. ಐದು." ಶನಿವಾರ ಅವರಿಗೆ ರಜೆ ಇರಬೇಕು ಅಂದುಕೊಂಡಳು. ಸೋಮವಾರ ಎಂಟನೇ ಕೊಠಡಿ, ಬುಧವಾರ ಮತ್ತು ಶುಕ್ರವಾರ ಐದನೇ ಕೊಠಡಿ ಎಂದು ಕೇಳಿದವರಿಗೆಲ್ಲ ಹೇಳಿದಳು. ಒಬ್ಬರೂ ಬಂದು ಕೂಗಾಡಲಿಲ್ಲ. ಇದೊಂದು ಸಾಲಾದರೂ ಸರಿಯಾಗಿದೆಯಲ್ಲ ಎಂದು ಅವಳಿಗೆ ನೆಮ್ಮದಿ.

ಒಂದು ಬುಧವಾರ ಬೆಳಗ್ಗೆ ವಿಚಾರಣೆ ಕಿಟಕಿಗೆ ಒಬ್ಬ ವಯಸ್ಸಾದ ಹೆಂಗಸು ಬಂದರು. ಕಿವಿ ಮಂದವಾದವರು ಮಾತಾಡುವಂತೆ ದನಿ ಎತ್ತರಿಸಿಯೇ ಮಾತಾಡಿದರು.

"ಫೋನಲ್ಲಿ ಹೇಳಿದ್ದು ನೀನೇ ಅಲ್ವಾ ತಾಯಿ? ಕಿವಿ ಡಾಕ್ಟ್ರು ಇವತ್ತಿಲ್ಲ ಅಂತ ಬಾಗಿಲಲ್ಲೇ ಕಳಿಸಿಬಿಟ್ರು. ಮೂರನೇ ಸಲ ಬಂದಿದ್ದೀನಿ. ನಿಂದೇನೂ ತಪ್ಪಿಲ್ಲ, ನನ್ನ ಈ ಹಾಳು ಕಿವಿ. ನೀನೊಂದು ಹೇಳಿರ್ತೀಯ, ನಂಗೊಂದು ಕೇಳಿಸಿರುತ್ತೆ." ತಮ್ಮ ನಂಬರು ಹೇಳಿ, ಡಾಕ್ಟರು ಅಪ್ಪಿತಪ್ಪಿ ಬಂದರೆ ಫೋನು ಮಾಡು ಎಂದು ಹೊರಟುಹೋದರು.

ಫೋನಕ್ಕ ಆ ನಂಬರನ್ನು ಬ್ರೈಲಿನಲ್ಲಿ ಚುಚ್ಚಿಕೊಂಡಳು. ಕಿವಿ ಸಾಲಿನವರು ಯಾಕೆ ಕೂಗಾಡಲಿಲ್ಲ ಎಂಬುದು ಅವಳಿಗೆ ಈಗ ಹೊಳೆಯಿತು. ಕಿವಿ ಕೇಳದವರೇ ತಾನೇ ಕಿವಿ ಡಾಕ್ಟರನ್ನು ಹುಡುಕುವುದು. ತಾವೇ ತಪ್ಪು ಕೇಳಿಸಿಕೊಂಡೆವು ಎಂದು ಅವರೆಲ್ಲ ಸುಮ್ಮನೆ ಮನೆಗೆ ಹೋಗಿದ್ದರು.

ಅದೇ ಮಧ್ಯಾಹ್ನ ಒಬ್ಬ ಹುಡುಗಿ ಬಂದಳು. ಕಂಪ್ಯೂಟರಿನ ಈ ಪಟ್ಟಿಯನ್ನು ನೋಡಿಕೊಳ್ಳಲು ಹೊಸದಾಗಿ ಸೇರಿದವಳು. ಇದೇ ಮಾದರಿಯ ಪಟ್ಟಿಯನ್ನು ಇನ್ನೂ ಹನ್ನೊಂದು ಆಸ್ಪತ್ರೆಗಳಿಗೆ ಹಾಕಬೇಕಂತೆ. ಕುರುಡರಿಗೆ ಸರಿಹೋಗುತ್ತದೆ ಎಂದು ಫೋನಕ್ಕ ಸಹಿ ಹಾಕಿದರೆ ಮುಗಿಯಿತಂತೆ. ಹುಡುಗಿ ಕೈ ಹಿಡಿದು ಪೆನ್ನು ಸರಿಯಾದ ಜಾಗದಲ್ಲಿ ಇಟ್ಟಳು. ಹನ್ನೊಂದು ಕುರ್ಚಿ, ಹನ್ನೊಂದು ಜನ ಬೆರಳು ಎಣಿಸುತ್ತ ಕೂತಿರುವುದು ಫೋನಕ್ಕನ ಕಣ್ಣಿಗೆ ಕಟ್ಟಿತು.

"ಇದು ನನಗೆ ಅರ್ಥ ಆಗಲ್ಲಮ್ಮ. ಮೊದಲ ದಿನದಿಂದಲೂ ಆಗಿಲ್ಲ" ಅಂದಳು, ಆದಷ್ಟು ಸಣ್ಣ ದನಿಯಲ್ಲಿ.

ಹುಡುಗಿ ಕುರ್ಚಿ ಎಳೆದು ಪಕ್ಕದಲ್ಲಿ ಕೂತು ಕೀಲಿಗಳನ್ನು ಟಕಟಕ ಒತ್ತಿದಳು. ಚಿತ್ರ ಕಿತ್ತು ವಾರಗಳ ಹೆಸರನ್ನು ಅಕ್ಷರದಲ್ಲಿ ಬರೆದಳು. ಇವು ತಲೆಬರಹ, ಪ್ರತಿ ಮನೆಯ ಜೊತೆಗೂ ಓದಬೇಕು ಎಂದು ತಂತ್ರಾಂಶಕ್ಕೆ ತಿಳಿಸಿದಳು. ಕಿವಿ ಡಾಕ್ಟರು ಸೋಮವಾರ, ಮಂಗಳವಾರ ಎರಡೂ ದಿನ ಎಂಟರಲ್ಲೇ ಕೂರುತ್ತಾರೆಂದು ಯಾರೋ ಜಾಣರು ಎರಡು ಮನೆಯ ನಡುವಿನ ಗೋಡೆ ಒಡೆದು ಒಂದೇ ಮಾಡಿದ್ದರು. ಗೋಡೆ ಮತ್ತೆ ಎದ್ದಿತು. ಅರ್ಧ ಗಂಟೆಯೂ ಹಿಡಿಯಲಿಲ್ಲ.

"ಕಿವಿ. ಸೋಮವಾರ, ಎಂಟು. ಮಂಗಳವಾರ, ಎಂಟು. ಬುಧವಾರ, ಖಾಲಿ. ಗುರುವಾರ, ಐದು. ಶುಕ್ರವಾರ, ಖಾಲಿ. ಶನಿವಾರ, ಐದು."

"ಇಷ್ಟೇ ಕೆಲಸ. ಮೂರು ವರ್ಷ ಯಾಕಕ್ಕ ಹೇಳ್ಲಿಲ್ಲ?" ಎಂದು ಹುಡುಗಿ ಕೇಳಿದಳು. ಆಮೇಲೆ ಮೆಲ್ಲಗೆ, "ಯೋಚ್ನೆ ಮಾಡ್ಬೇಡಿ, ನಾನು ಯಾರಿಗೂ ಬಾಯಿ ಬಿಡಲ್ಲ" ಎಂದು ಹೊರಟಳು.

ಅಲ್ಲಿಗೆ ಎಲ್ಲವೂ ಸುಗಮ. ಸುಮ್ಮನಿದ್ದರೆ ಕುರ್ಚಿ ಉಳಿಯುತ್ತದೆ. ಏಳು ತಿಂಗಳು ಬಂದು ಹೋದವರ ನಂಬರು ಯಾರಲ್ಲೂ ಇಲ್ಲ. ಆ ಒಬ್ಬ ಹೆಂಗಸಿಗೆ ನಾಳೆ ಬನ್ನಿ ಅಂದುಬಿಟ್ಟರಾಯಿತು ಎಂದು ಫೋನಕ್ಕ ನಂಬರು ಒತ್ತಿದಳು.

"ಅಮ್ಮ, ಕಿವಿ ಡಾಕ್ಟ್ರು ನಾಳೆ ಇರ್ತಾರೆ. ಗುರುವಾರ."

"ಬೇಡ ತಾಯಿ. ಈ ಕಿವಿ ನಂಬಿ ಮೂರು ಸಲ ಅಲೆದಿದ್ದು ಸಾಕು. ಇನ್ನು ಬರಲ್ಲ."

ಫೋನಕ್ಕ ಫೋನನ್ನು ಬಾಯಿಗೆ ಹತ್ತಿರ ಹಿಡಿದಳು. "ತಪ್ಪು ನಿಮ್ಮ ಕಿವೀದಲ್ಲಮ್ಮ. ನಂದು."

"ಏನಂದೆ? ಕೇಳಿಸ್ಲಿಲ್ಲ."

"ನಾನೇ ತಪ್ಪು ಹೇಳಿದ್ದು ಅಮ್ಮ."

"ಸ್ವಲ್ಪ ಜೋರಾಗಿ ಹೇಳು ತಾಯಿ."

ಹಜಾರದಲ್ಲಿ ಆರು ಗುಮಾಸ್ತರಿದ್ದರು. ಮ್ಯಾನೇಜರ ಕೋಣೆಯ ಬಾಗಿಲು ತೆರೆದಿತ್ತು. ಫೋನಕ್ಕ ಎದ್ದು ನಿಂತಳು.

"ನಾನೇ ತಪ್ಪು ಹೇಳಿದ್ದು. ನನಗೆ ಪಟ್ಟಿ ಗೊತ್ತಾಗ್ತಿರಲಿಲ್ಲ. ಏಳು ತಿಂಗಳಿಂದ ಎಲ್ಲರಿಗೂ ತಪ್ಪೇ ಹೇಳಿದ್ದೀನಿ."

ಕೀಲಿಗಳ ಸದ್ದು ನಿಂತಿತು. ಒಳಗೆ ಮ್ಯಾನೇಜರ ಕುರ್ಚಿ ಸರಿಯಿತು.

"ಹಾಗಾದ್ರೆ ನಂಗೆ ಸರಿಯಾಗೇ ಕೇಳಿಸಿತ್ತಾ?" ಎಂದರು ಆ ಹೆಂಗಸು.

"ಸರಿಯಾಗೇ ಕೇಳಿಸಿತ್ತಮ್ಮ."

ಮ್ಯಾನೇಜರ ಹೆಜ್ಜೆಗಳು ಬಂದು ಅವಳ ಬೆನ್ನ ಹಿಂದೆ ನಿಂತವು. ಫೋನಕ್ಕ ತಿರುಗದೆ, ಒಂದು ನಿಮಿಷ ಎಂದು ಕೈ ಎತ್ತಿ ತೋರಿಸಿ, ಫೋನಿಗೆ ಹೇಳಿದಳು:

"ನಾಳೆ ಗುರುವಾರ, ಐದನೇ ಕೊಠಡಿ. ಎಲ್ಲಿ, ನೀವೊಂದ್ಸಲ ಹೇಳಿ."