ಮುನಿಯಪ್ಪನ ಬೀಡಿ

ದೇವರಿಗೆ ಅರ್ಪಿಸಿದ ಯಾವ ವಸ್ತುವೂ ಮನುಷ್ಯನಿಗೆ ಕೇಡು ಮಾಡದು ಎಂಬುದು ಹಿರಿಯರ ಮಾತು. ಹಿರಿಯರು ಗಂಟಲೊಳಗೆ ಕನ್ನಡಿ ಇಟ್ಟು ನೋಡಿದವರಲ್ಲ.

೧೯೬೭ರಲ್ಲಿ ನಾನು ನೆಲಮಂಗಲ ತಾಲ್ಲೂಕಿನ ಒಂದು ಹೆಲ್ತ್ ಯೂನಿಟ್ಟಿಗೆ ಡಾಕ್ಟರು. ಗುಡ್ಡದ ಬುಡದ ಇರುಳಿಗರ ಹಟ್ಟಿಯಿಂದ ಮುನಿಯಪ್ಪ ದೇವರ ಪೂಜಾರಿ ಮಾದಯ್ಯ ಬಂದ. ದನಿ ಬಿದ್ದುಹೋಗಿತ್ತು. ನೋಡಿದರೆ ಧ್ವನಿತಂತುವಿನ ಮೇಲೊಂದು ಗಡ್ಡೆ. ಬೆಂಗಳೂರಿನ ಆಸ್ಪತ್ರೆಗೆ ಕಳಿಸಿದೆ. ಅಲ್ಲಿ ಕ್ಯಾನ್ಸರ್ ಎಂದರು. ಇನ್ನೂ ಚಿಕ್ಕದು, ಅಲ್ಲೇ ಉಳಿದು ರೇಡಿಯೇಷನ್, ಅಂದರೆ ಕಿರಣ ಚಿಕಿತ್ಸೆ, ಪಡೆದರೆ ಬದುಕಬಹುದು. ಹೊಗೆ ಮಾತ್ರ ನಿಲ್ಲಬೇಕು. ಮಾದಯ್ಯ ಚೀಟಿ ಹಿಡಿದು ನನ್ನ ಹತ್ತಿರ ವಾಪಸು ಬಂದ.

"ಬೀಡಿ ಬಿಡಬೇಕು ಮಾದಯ್ಯ," ಎಂದೆ.

"ನಾನೆಲ್ಲಿ ಸೇದ್ತೀನಿ ಸ್ವಾಮಿ? ಸೇದೋನು ಮುನಿಯಪ್ಪ."

"ಕೆಮ್ಮೋನು?"

"ಕೆಮ್ಮು ಮಾತ್ರ ನಂದೇ ಕಣ್ ಸ್ವಾಮಿ."

ವಿಷಯ ಹೀಗಿತ್ತು. ಹಿಂದೆ ಗುಡಿಯ ಹಿತ್ತಲಲ್ಲೇ ನಾಲ್ಕು ಹೊಗೆಸೊಪ್ಪಿನ ಗಿಡ ಬೆಳೆದು, ವರ್ಷಕ್ಕೊಂದು ಅಮಾವಾಸ್ಯೆ ಎಲೆ ಸುತ್ತಿ ಹಚ್ಚುತ್ತಿದ್ದರು. ದೇವರ ಪರವಾಗಿ ಪೂಜಾರಿ ಅದನ್ನು ಬುಡದವರೆಗೆ ಎಳೆಯಬೇಕು. ನಡುವೆ ಆರಿದರೆ ದೇವರು ಒಪ್ಪಲಿಲ್ಲ ಎಂದರ್ಥ. ಪೂಜಾರಿ ಬದುಕಿರುವತನಕ ಬೇರೆ ಬಾಯಿ ಮುಟ್ಟುವಂತಿಲ್ಲ. ಆಮೇಲೆ ರಸ್ತೆ ಬಂತು, ರಸ್ತೆಯ ಹಿಂದೆ ಅಂಗಡಿ, ಅಂಗಡಿಯಲ್ಲಿ ಬೀಡಿ. ಮೇಕೆ ಕಳೆದರೆ ಒಂದು ಬೀಡಿ, ಮಗುವಿಗೆ ಜ್ವರವಾದರೆ ಒಂದು. ಹರಕೆ ಸುಲಭವಾಯಿತು, ಮುನಿಯಪ್ಪ ಚೈನ್ ಸ್ಮೋಕರ್ ಆದ.

ಹಟ್ಟಿಗೇ ಹೋದೆ. ಮಾದಯ್ಯನ ಹೆಂಡತಿ ಕೆಂಪಿ ಎಲ್ಲರೆದುರು ಕೂಗಾಡುತ್ತಿದ್ದಳು: "ಅಂಗಡಿ ಬೀಡಿನ ಯಾವ ತಾತ ಕೇಳಿದ್ನ್ರೋ? ಸೊಪ್ಪೇ ಸಾಕಾಗಿರ್ಲಿಲ್ವಾ ನಿಮ್ ದ್ಯಾವ್ರಿಗೆ?"

"ಹರಕೆ ಹೊತ್ತೋರು ಏನ್ಮಾಡ್ಬೇಕವ್ವ?" ಎಂದ ಹಟ್ಟಿಯ ಯಜಮಾನ.

ನಾನು ಗಂಭೀರವಾಗಿ ಪರಿಹಾರ ಸೂಚಿಸಿದೆ: ಬೀಡಿಯನ್ನು ಹಚ್ಚಿ ಮುನಿಯಪ್ಪನ ಕಲ್ಲಿನ ಮುಂದೆ ನೆಟ್ಟುಬಿಡಿ, ಊದುಬತ್ತಿಯ ಹಾಗೆ. ದೇವರು ತಾನೇ ಸೇದಲಿ, ಪೂಜಾರಿ ಬೆಂಗಳೂರಿಗೆ ಹೋಗಲಿ. ಯಜಮಾನ ತಲೆದೂಗಿದ. ಕೆಂಪಿಯೇ ಹಚ್ಚಿ ನೆಟ್ಟಳು.

ನಾನು ಜನ್ಮದಲ್ಲಿ ಬೀಡಿ ಸೇದಿದವನಲ್ಲ. ಎಳೆಯದಿದ್ದರೆ ಬೀಡಿ ಆರಿಹೋಗುತ್ತದೆ ಎಂಬುದನ್ನು ಮೆಡಿಕಲ್ ಕಾಲೇಜಿನಲ್ಲಿ ಹೇಳಿಕೊಟ್ಟಿರಲಿಲ್ಲ.

ಆರಿತು. ಮಾದಯ್ಯ ಅದನ್ನು ಕಿತ್ತು, ಮಣ್ಣು ಒರೆಸಿ, ಕೆಂಪಿಯ ಕೈಯಿಂದ ಬೆಂಕಿಪೊಟ್ಟಣ ಈಸಿಕೊಂಡ. "ನೋಡಿದ್ರಾ ಸ್ವಾಮಿ, ಒಲ್ಲೆ ಅಂದ್ಬಿಟ್ಟ," ಎಂದು ಹಚ್ಚಿ, ಬುಡದವರೆಗೂ ಎಳೆದ.

ರೋಗಿಯ ಜೊತೆ ಡಾಕ್ಟರು ವಾದಿಸಬಹುದು, ಹುದ್ದೆಯ ಜೊತೆ ಆಗದು. ವೃತ್ತಿ ನನಗೆ ಕಲಿಸಿದ್ದು ಅಷ್ಟು.

ಮಾದಯ್ಯ ಬೆಂಗಳೂರಿಗೆ ಹೋಗಲಿಲ್ಲ. ಮರುವರ್ಷ ತೀರಿಕೊಂಡ. ಅವನ ತಮ್ಮ ಪೂಜಾರಿಯಾದ.