ಅಂಚಿನಿಂದ ಎಳೆದ ನೂಲು

ಹರಿದ ಬಟ್ಟೆಗೆ ರಫೂ ಹಾಕುತ್ತಲೇ ಅಜ್ಜಿಯ ನಲವತ್ತು ವರ್ಷ ಕಳೆದಿತ್ತು. ಈಗ ಸೂಜಿಗೆ ನೂಲು ಪೋಣಿಸುವಷ್ಟರಲ್ಲೇ ಕಣ್ಣು ಸೋತುಹೋಗುತ್ತಿತ್ತು. ಆ ಮಧ್ಯಾಹ್ನ ಗಿರಾಕಿಯೊಬ್ಬರ ಕೋಟನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದಾಗ, ಮೊಮ್ಮಗಳು ತಾನು ಬರೆದ ಮಾಯಗಾತಿಯ ಕಥೆ ಓದತೊಡಗಿದಳು. ಪತ್ರಿಕೆಯವರು ಅದನ್ನು ಎರಡು ಸಲ ವಾಪಸ್ ಕಳಿಸಿದ್ದರು. ಮೂರನೆಯ ಸಲವೂ ಬಂದರೆ ಬರೆಯುವುದನ್ನೇ ಬಿಡುತ್ತೇನೆಂದು ಅವಳು ಹಟ ಹಿಡಿದಿದ್ದಳು.

ಮಾಯಗಾತಿ ಸೂಜಿ ಆಡಿಸಿದರೆ ಸಾಕು, ಮುರಿದ ಸೇತುವೆ ಕೂಡಿಕೊಳ್ಳುತ್ತಿತ್ತು, ಸೀಳಿದ ಬೆಟ್ಟ ಕೂಡಿಕೊಳ್ಳುತ್ತಿತ್ತು. ಸತ್ತ ರಾಜ ಎದ್ದು ಕೂರುವ ಹೊತ್ತಿಗೆ ಅಜ್ಜಿ ತೂಕಡಿಸುತ್ತಿದ್ದಳು.

"ಅಜ್ಜೀ, ನಿಂಗೂ ನಿದ್ದೆ ಬಂತಾ?"

"ಏನ್ ಮಾಡ್ಲಿ ಪುಟ್ಟಿ, ಅವಳಿಗೆ ಎಲ್ಲಾ ನೀರು ಕುಡಿದಷ್ಟು ಸಲೀಸು. ನಾನ್ಯಾಕೆ ಎದ್ದಿರ್ಬೇಕು? ಅದಿರ್ಲಿ, ನೂಲು ಎಲ್ಲಿಂದ ತರ್ತಾಳೆ?"

"ಮಾಯದ ನೂಲು ಅಜ್ಜಿ, ಮುಗಿಯೋದೇ ಇಲ್ಲ."

ಅಜ್ಜಿ ಕೋಟಿನ ಒಳಮಡಿಕೆ ಬಿಚ್ಚಿ ತೋರಿಸಿದಳು. "ಅಂಗಡಿ ನೂಲಿನ ಬಣ್ಣ ಕೂಡಲ್ಲ ಕಣೇ. ಅದೇ ಬಟ್ಟೆ ಅಂಚಿಂದ ಎಳೀಬೇಕು. ಇದರಲ್ಲಿ ಇನ್ನೊಂದು ತೂತಿಗಾಗೋಷ್ಟಿದೆ. ಆಮೇಲೆ ನಾನೂ ಕೈಚೆಲ್ಲೋಳೇ."

ಮೊಮ್ಮಗಳು ಹಾಳೆ ಎತ್ತಿಕೊಂಡು ಒಳಗೆ ಹೋದಳು. ನಾಲ್ಕು ದಿನದ ಮೇಲೆ ಮತ್ತೆ ಬಂದು ಓದಿದಳು. ಈಗ ಮಾಯಗಾತಿ ತಾನು ಹೊದ್ದ ಕಂಬಳಿಯಿಂದಲೇ ನೂಲು ಎಳೆಯುತ್ತಿದ್ದಳು. ಸೇತುವೆ ಕೂಡುವಷ್ಟರಲ್ಲಿ ಮೊಣಕಾಲವರೆಗಿದ್ದ ಕಂಬಳಿ ಸೊಂಟಕ್ಕೇರಿತ್ತು. ಅವಳ ಸುತ್ತ ಹಿಮ ಸುರಿಯುತ್ತಿತ್ತು. ರಾಜ ಇನ್ನೂ ಸತ್ತೇ ಮಲಗಿದ್ದ.

ಮೊಮ್ಮಗಳು ಹಾಳೆ ತಿರುವಲು ಓದು ನಿಲ್ಲಿಸಿದಳು. ಅಜ್ಜಿ ಸೂಜಿ ಕೆಳಗಿಟ್ಟು, "ಕಂಬಳಿ ಇನ್ನೆಷ್ಟು ಉಳಿದಿದೆಯೇ ಅವಳಿಗೆ?" ಎಂದಳು.