ಪಟ್ಟಿಯಡಿಯ ನಂಬರು

ಎಪ್ಪತ್ತರ ದಶಕದಲ್ಲಿ ಹಿರಿಯೂರಿನ ಒಂದು ಸಣ್ಣ ವಾಚನಾಲಯವನ್ನು ನಾನು ನೋಡಿಕೊಳ್ಳುತ್ತಿದ್ದೆ. ಪೇಪರ್ ಇಡಲು ಅಲ್ಲಿ ಎದೆಯೆತ್ತರದ ಇಳಿಜಾರು ಹಲಗೆಗಳಿದ್ದವು. ಪೇಪರನ್ನು ಅಗಲವಾಗಿ ಬಿಡಿಸಿ ಹಾಸಿ, ನಟ್ಟನಡುವೆ ಮೇಲಿನಿಂದ ಕೆಳಕ್ಕೆ ಮರದ ಪಟ್ಟಿಯೊಂದನ್ನಿಟ್ಟು ಎರಡೂ ತುದಿಗೆ ತಿರುಪು ಬಿಗಿಯಬೇಕು. ಬಿಗಿಯದಿದ್ದರೆ ಮಧ್ಯಾಹ್ನದೊಳಗೆ ಸಿನಿಮಾ ಪುಟ ಯಾರದೋ ಜೇಬು ಸೇರುತ್ತಿತ್ತು.

ಎತ್ತಿನ ಗಾಡಿ ಮಾಡುವ ಬಡಗಿಯಿಂದ ಮಾಡಿಸಿದ್ದಕ್ಕೋ ಏನೋ, ಆ ಪಟ್ಟಿ ನಾಲ್ಕು ಬೆರಳು ಅಗಲವಿತ್ತು. ಅಕ್ಕಪಕ್ಕದ ಪುಟಗಳ ಅಂಚಿನ ಸಾಲುಗಳು ಅದರಡಿ ಹೋಗಿಬಿಡುತ್ತಿದ್ದವು. ದಿನಾ ಬರುವವರಿಗೆ ಅದು ಗೊತ್ತು. ಪೇಪರನ್ನು ಬೆರಳಿನಿಂದ ಉಬ್ಬಿಸಿ, ಕತ್ತು ಓರೆ ಮಾಡಿ ಓದಿಕೊಳ್ಳುತ್ತಿದ್ದರು. ಪುಟ ತಿರುವಬೇಕಾದರೂ ನಾನೇ ಎದ್ದು ಬರಬೇಕು. ಬೇರೆ ಯಾರಾದರೂ ತಿರುಪಿಗೆ ಕೈ ಹಾಕಿದರೆ ಕುರ್ಚಿಯಿಂದಲೇ ಗದರುತ್ತಿದ್ದೆ. ಅಷ್ಟು ಅಧಿಕಾರಕ್ಕೇ ನನಗೆ ಕೋಡು ಮೂಡಿತ್ತು.

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಂಬರುಗಳ ಪುಟವನ್ನೇ ಬಿಡಿಸಿ ಬಿಗಿದಿದ್ದೆ. ಹಲಗೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಕಂಬಳಿ ಹೊದ್ದ ಕುರಿ ಸಾಕುವವನೊಬ್ಬ ಬಂದು ನನ್ನ ಮೇಜಿನ ಮೇಲೆ ಒಂದು ಚೀಟಿ ಇಟ್ಟ.

"ನಂಗೆ ಓದಾಕೆ ಬರಲ್ಲ ಸ್ವಾಮಿ. ಮಗಳ ನಂಬರು ಐತೇನೋ ನೋಡ್ರಿ. ಐಮಂಗಲದ ಹತ್ರ ನಮ್ಮ ಹಟ್ಟಿ. ಪಾಸಾದ್ರೆ ದುರ್ಗದಾಗೆ ಟೀಚರ್ ಟ್ರೈನಿಂಗಿಗೆ ಸೇರಿಸ್ತೀನಿ ಅಂದೀನಿ. ಇಲ್ಲಾಂದ್ರೆ ನಮ್ಮಕ್ಕನ ಮಗನಿಗೆ ಕೊಡಾದು. ಅವ್ರು ಕಾಯ್ತಾ ಅವ್ರೆ."

ಬೆಳಗಿನಿಂದ ಇಂಥ ಚೀಟಿಗಳನ್ನು ನೋಡಿ ನೋಡಿ ಸಾಕಾಗಿತ್ತು. ಎದ್ದು ಹೋಗಿ, ನಾಲ್ಕು ಜನರ ಹೆಗಲ ಮೇಲಿಂದ ಇಣುಕಿ, "ಇಲ್ಲ" ಅಂದೆ. ಇನ್ನೊಂದು ಸಲ ನೋಡಿ ಎಂದು ಆತ ಕೇಳಲಿಲ್ಲ.

"ಆಯ್ತ್ರಿ, ನಾಳೆ ಬೆಳಿಗ್ಗೇನೇ ಅಕ್ಕನ ಮನಿಗೆ ಹೋಗಿ ಮಾತು ಕೊಟ್ ಬರ್ತೀನಿ," ಎಂದು ಹೊರಟುಹೋದ. ಚೀಟಿ ಮೇಜಿನ ಮೇಲೇ ಉಳಿಯಿತು.

ಸಂಜೆ ಪೇಪರ್ ತೆಗೆಯಲು ತಿರುಪು ಸಡಿಲಿಸಿ ಪಟ್ಟಿ ಎತ್ತಿದೆ. ಅದರಡಿ ನಂಬರುಗಳದೇ ಒಂದು ಸಾಲಿತ್ತು. ಚೀಟಿ ತಂದು ಪಕ್ಕದಲ್ಲಿಟ್ಟು ನೋಡಿದರೆ ಮೇಲಿನಿಂದ ಮೂರನೆಯದೇ ಆ ಹುಡುಗಿಯದು. ದಿನವೆಲ್ಲಾ ಕಾದುಕೊಂಡು ಕೂತಿದ್ದ ಪಟ್ಟಿಯನ್ನು ನಾನೇ ಮರೆತಿದ್ದೆ.

ಮರುದಿನ ಮೊದಲ ಬಸ್ಸಿಗೆ ಐಮಂಗಲದಲ್ಲಿ ಇಳಿದು, ಕೇಳುತ್ತಾ ಕೇಳುತ್ತಾ ಹಟ್ಟಿಗೆ ನಡೆದೆ. ಯಾವತ್ತೂ ವಾಚನಾಲಯದ ಹೊಸಿಲು ದಾಟಿಸದ ಪೇಪರು ಕಂಕುಳಲ್ಲಿತ್ತು. ಆತ ಒಗೆದ ಪಂಚೆ ಉಟ್ಟು, ಕಂಬಳಿ ಹೆಗಲಿಗೆ ಹಾಕಿಕೊಂಡು, ಅಕ್ಕನ ಮನೆಗೆ ಹೊರಟು ನಿಂತಿದ್ದ. ಹುಡುಗಿ ಕುರಿಮರಿಗಳನ್ನು ಬಿಡುತ್ತಿದ್ದಳು. ಅವಳ ಎಡಗೆನ್ನೆ ಊದಿಕೊಂಡಿತ್ತು.

"ನಂಬರು ಇದೆ. ನನ್ನದೇ ತಪ್ಪು," ಎಂದು ಪೇಪರನ್ನು ಜಗಲಿಯ ಮೇಲೆ ಹಾಸಿದೆ. ಅವಳು ಓಡಿ ಬಂದು, ನಾನು ತೋರಿಸುವ ಮೊದಲೇ ನಂಬರಿನ ಮೇಲೆ ಬೆರಳಿಟ್ಟಳು. ಇಟ್ಟ ಬೆರಳನ್ನು ತೆಗೆಯಲೇ ಇಲ್ಲ.

ಅಪ್ಪ ಅವಳತ್ತ ಕೈ ತೋರಿಸಿದ. "ನಿನ್ನೆ ಒಂದೇ ಹಠ ಸ್ವಾಮಿ, ಅವ್ರು ಸರಿಯಾಗಿ ನೋಡಿಲ್ಲ, ಇನ್ನೊಂದ್ಸಲ ಹೋಗಾಣ ಅಂತ. ಓದಿದೋರು ಸುಳ್ಳು ಹೇಳ್ತಾರೇನೇ ಅಂತ ಒಂದೇಟು ಹಾಕ್ದೆ."

ಆ ಏಟು ನನಗೆ ಬೀಳಬೇಕಾದದ್ದು. ಆತ ಬೈದಿದ್ದರೂ ಹಗುರಾಗುತ್ತಿದ್ದೆ. ಬೈಯಲಿಲ್ಲ. ಅಕ್ಕನ ಮನೆಗೆಂದು ಹೆಗಲಿಗೆ ಹಾಕಿಕೊಂಡಿದ್ದ ಕಂಬಳಿಯನ್ನು ತೆಗೆದು ಜಗಲಿಯ ಮೇಲೆ ಹಾಸಿದ.

"ಕುಂತ್ಕಳ್ರಿ, ಬಿಸಿಲಾಗೆ ನಡಕೊಂಡ್ ಬಂದೀರಿ."

ಹುಡುಗಿ ಒಳಗಿನಿಂದ ಮಜ್ಜಿಗೆ ತಂದುಕೊಟ್ಟಳು. ಅವಳ ಮುಖ ನೋಡದೆ ಕುಡಿದೆ.